ಬಗ್ಗಿದ ತಗಡು ಕೆಟ್ಟದ್ದಲ್ಲ: ಕೇಬಲ್, ಡಬ್ಲ್ಯೂ-ಬೀಮ್, ಕಾಂಕ್ರೀಟ್ ಬ್ಯಾರಿಯರ್‌ಗಳಲ್ಲಿ ಯಾವುದು ಎಲ್ಲಿಗೆ?

ರಸ್ತೆ ಬದಿಯ ಕ್ರ್ಯಾಶ್ ಬ್ಯಾರಿಯರ್ ನಜ್ಜುಗುಜ್ಜಾಗಿ ಬಿದ್ದಿದ್ದರೆ ಹೆಚ್ಚಿನವರು ಆಡುವ ಮಾತು ಒಂದೇ: "ಎಂಥಾ ಕಳಪೆ ಮಾಲು ಹಾಕಿದ್ದಾರೆ ನೋಡಿ." ನಾನು ಮೊದಲು ನೆಲ ನೋಡುತ್ತೇನೆ. ತಗಡು ಬಗ್ಗಿದೆ, ನಾಲ್ಕೈದು ಕಂಬ ಮಲಗಿವೆ, ಆದರೆ ಟೈರಿನ ಗುರುತು ಈಚೆಗೇ ನಿಂತಿದೆ. ಅಂದರೆ ಕಾರು ಆಚೆ ದಾಟಿಲ್ಲ. ಹೊಡೆತವನ್ನು ತಗಡು ತಿಂದಿದೆ, ಒಳಗೆ ಕೂತವರು ತಿಂದಿಲ್ಲ. ಬಗ್ಗುವುದೇ ಅದರ ಕೆಲಸ.

ಹಾಗಾಗಿ "ಯಾವುದು ಗಟ್ಟಿ?" ಎಂದು ಕೇಳುತ್ತಾ ಬ್ಯಾರಿಯರ್ ಆರಿಸಲು ಹೊರಟರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತೇವೆ. ಕೇಳಬೇಕಾದ್ದು ಬೇರೆ. ನಿಜವಾದ ರಸ್ತೆಯಲ್ಲಿ ನಿಜವಾದ ವಾಹನ ಬಂದು ಗುದ್ದಿದಾಗ ಒಳಗಿದ್ದವರಿಗೆ ಏನಾಯಿತು? ವಾಹನ ಆಚೆ ದಾಟಿತಾ? ಪಲ್ಟಿಯಾಯಿತಾ? ಪುಟಿದು ಬಂದು ಪಕ್ಕದ ಲೇನಿನವರಿಗೆ ಹೊಡೆಯಿತಾ? ಉಕ್ಕಿನ ಹಗ್ಗದ ಕೇಬಲ್, ಡಬ್ಲ್ಯೂ ಅಕ್ಷರದಂತೆ ಮಡಿಚಿದ ತಗಡು (ಡಬ್ಲ್ಯೂ-ಬೀಮ್), ಕಾಂಕ್ರೀಟ್ ಗೋಡೆ, ಈ ಮೂರನ್ನೂ ಇಲ್ಲಿ ಆ ಪ್ರಶ್ನೆಗಳನ್ನಿಟ್ಟುಕೊಂಡೇ ಹೋಲಿಸಿದ್ದೇನೆ.

ಮೊದಲು, ಬ್ಯಾರಿಯರ್ ಬೇಕಾ?

ಬ್ಯಾರಿಯರ್ ಕೂಡ ಗುದ್ದುವ ವಸ್ತುವೇ. ಆಚೆಗಿರುವ ಮರಕ್ಕಿಂತ, ಹಳ್ಳಕ್ಕಿಂತ ಅದು ರಸ್ತೆಗೆ ಹತ್ತಿರ. ಆದ್ದರಿಂದ ಅದಕ್ಕೆ ಜಾಸ್ತಿ ಸಲ ಗುದ್ದು ಬೀಳುತ್ತದೆ. ನಾರ್ವೆಯ ಸಂಶೋಧಕ ರೂನೆ ಎಲ್ವಿಕ್ 1995ರಲ್ಲಿ 32 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ರಸ್ತೆಯಂಚಿನ ಗಾರ್ಡ್‌ರೇಲ್ (ಬದಿಯ ಬ್ಯಾರಿಯರ್) ಇದ್ದ ಕಡೆ, ಅಪಘಾತವಾದರೆ ಸಾಯುವ ಸಾಧ್ಯತೆ ಸುಮಾರು 45% ಇಳಿದಿತ್ತು. ಎರಡು ದಿಕ್ಕಿನ ಲೇನ್‌ಗಳ ನಡುವೆ ಹಾಕುವ ಬ್ಯಾರಿಯರ್‌ನ ಕಥೆ ಬೇರೆ. ಅಪಘಾತಗಳ ಸಂಖ್ಯೆಯೇ ಸುಮಾರು 30% ಏರಿತ್ತು. ಅಪಘಾತವಾದಾಗ ಸಾಯುವ ಸಾಧ್ಯತೆ ಮಾತ್ರ ಸುಮಾರು 20% ಇಳಿದಿತ್ತು. 1.3 ಅನ್ನು 0.8ರಿಂದ ಗುಣಿಸಿ ನೋಡಿ, ಹೆಚ್ಚುಕಮ್ಮಿ ಎಲ್ಲಿದ್ದೆವೋ ಅಲ್ಲೇ ಇದ್ದೇವೆ. ಇದು ಎಲ್ಲ ಬಗೆಯ ಜಾಗಗಳ ಸರಾಸರಿ. ಎಲ್ಲಿ ಹಾಕುತ್ತೇವೆ, ಏನನ್ನು ಹಾಕುತ್ತೇವೆ ಎನ್ನುವುದರ ಮೇಲೆ ಫಲ ಎಷ್ಟು ಬದಲಾಗುತ್ತದೆ ಎಂಬುದು ಮುಂದೆ ಸ್ವೀಡನ್ ಮಾತು ಬಂದಾಗ ಗೊತ್ತಾಗುತ್ತದೆ.

ಆದ್ದರಿಂದ ಬ್ಯಾರಿಯರ್ ಹಾಕುವ ಮುಂಚೆ ಆಚೆ ಇರುವ ಅಪಾಯವನ್ನೇ ತೆಗೆಯಲು ಆಗುತ್ತದಾ ನೋಡಿ. ಕಂಬವನ್ನು ಹಿಂದಕ್ಕೆ ಸರಿಸಬಹುದಾ? ಕಡಿದಾದ ಇಳಿಜಾರಿಗೆ ಮಣ್ಣು ತುಂಬಿ ಸಪಾಟು ಮಾಡಬಹುದಾ? ಆಗುವುದಾದರೆ ಅದೇ ಮೇಲು. ಪ್ರಪಾತ, ನೀರು, ಸೇತುವೆಯ ಕಂಬ, ಎದುರಿನಿಂದ ಬರುವ ವಾಹನ, ಇವನ್ನೆಲ್ಲ ಸರಿಸಲು ಆಗುವುದಿಲ್ಲ. ಬ್ಯಾರಿಯರ್ ಬೇಕಾಗುವುದು ಅಲ್ಲಿ.

ಪರೀಕ್ಷೆಯ ಸರ್ಟಿಫಿಕೇಟ್ ಎಷ್ಟು ಹೇಳುತ್ತದೆ?

ಮಾರಲು ಬಂದವರು ಮೊದಲು ತೋರಿಸುವುದು ಕ್ರ್ಯಾಶ್ ಟೆಸ್ಟ್ ಸರ್ಟಿಫಿಕೇಟ್. ಅದು ಬೇಕೇ ಬೇಕು. ಅಮೆರಿಕದಲ್ಲಿ ಈ ಪರೀಕ್ಷೆಗಿರುವ ಮ್ಯಾಶ್ ನಿಯಮಗಳು 2009ರಲ್ಲಿ ಬಂದವು. ಅದರ ಟಿಎಲ್-3 ಮಟ್ಟದಲ್ಲಿ 1,100 ಕಿಲೋ ಕಾರನ್ನೂ 2,270 ಕಿಲೋ ಪಿಕಪ್ಪನ್ನೂ ಗಂಟೆಗೆ 100 ಕಿ.ಮೀ. ವೇಗದಲ್ಲಿ, 25 ಡಿಗ್ರಿ ಕೋನದಲ್ಲಿ ಬ್ಯಾರಿಯರ್‌ಗೆ ಗುದ್ದಿಸುತ್ತಾರೆ. ಟಿಎಲ್-4ಕ್ಕೆ 10,000 ಕಿಲೋ ಲಾರಿ, ಟಿಎಲ್-5ಕ್ಕೆ 36,000 ಕಿಲೋ ಟ್ರೇಲರ್. ಯುರೋಪಿನ ಪರೀಕ್ಷಾ ನಿಯಮ ಇಎನ್ 1317ರಲ್ಲಿ ಎನ್2 ಮಟ್ಟಕ್ಕೆ 1,500 ಕಿಲೋ ಕಾರು, ಎಚ್2ಕ್ಕೆ 13,000 ಕಿಲೋ ಬಸ್ಸು. ಇದರಲ್ಲಿ ನನಗೆ ಇಷ್ಟವಾದದ್ದು "ವರ್ಕಿಂಗ್ ವಿಡ್ತ್" ಎಂಬ ಅಳತೆ. ಗುದ್ದಿದಾಗ ಬ್ಯಾರಿಯರ್ ತನ್ನ ಅಗಲವೂ ಸೇರಿ ಎಷ್ಟು ಜಾಗ ತಿನ್ನುತ್ತದೆ ಎಂದು ಅದು ಹೇಳುತ್ತದೆ. ಅದರ ದರ್ಜೆಗಳಲ್ಲಿ ಡಬ್ಲ್ಯೂ1 ಅಂದರೆ 0.6 ಮೀಟರಿನ ಒಳಗೆ, ಡಬ್ಲ್ಯೂ8 ಅಂದರೆ 3.5 ಮೀಟರಿನವರೆಗೆ. ನಿಮ್ಮ ರಸ್ತೆಯಲ್ಲಿ ಬ್ಯಾರಿಯರ್ ಹಿಂದೆ ಒಂದೇ ಮೀಟರ್ ಜಾಗವಿದ್ದರೆ ಆರಿಸಬಹುದಾದ ಬ್ಯಾರಿಯರ್ ಪಟ್ಟಿಯಲ್ಲಿ ಅರ್ಧ ಅಲ್ಲೇ ಹೊಡೆದುಹೋಯಿತು.

ಆದರೆ ಪರೀಕ್ಷೆ ನಡೆಯುವುದು ಸಪಾಟು ನೆಲದಲ್ಲಿ. ಹದವಾಗಿ ದಮ್ಮಸ್ಸು ಮಾಡಿದ ಮಣ್ಣು, ಹೊಸ ತಗಡು, ನೇರವಾಗಿ ಬರುವ ವಾಹನ. ರಸ್ತೆಯಲ್ಲಿ ಚಾಲಕ ಬ್ರೇಕ್ ಒತ್ತಿ ಸ್ಟೇರಿಂಗ್ ತಿರುಗಿಸಿರುತ್ತಾನೆ, ಕಾರು ಅಡ್ಡಡ್ಡ ಜಾರುತ್ತಾ ಬರುತ್ತದೆ. ಮಳೆಗೆ ಕಂಬದ ಬುಡದ ಮಣ್ಣು ಕೊಚ್ಚಿಹೋಗಿರುತ್ತದೆ. ಹೋದ ತಿಂಗಳು ಗುದ್ದಿದ ಜಾಗವನ್ನು ಇನ್ನೂ ರಿಪೇರಿ ಮಾಡಿರುವುದಿಲ್ಲ.

ವಾಹನಗಳೂ ಬದಲಾಗುತ್ತಿವೆ. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದವರು 3 ಟನ್ನಿಗೂ ಜಾಸ್ತಿ ತೂಗುವ ರಿವಿಯನ್ ಎಲೆಕ್ಟ್ರಿಕ್ ಪಿಕಪ್ಪನ್ನು ಸಾಮಾನ್ಯ ತಗಡಿನ ಗಾರ್ಡ್‌ರೇಲಿಗೆ ಗುದ್ದಿಸಿದರು. ಅದು ತಗಡನ್ನು ಹರಿದುಕೊಂಡು ಆಚೆ ಹೋಯಿತು, ವೇಗವೂ ಹೆಚ್ಚು ಇಳಿದಿರಲಿಲ್ಲ. ಟೆಸ್ಲಾ ಕಾರೊಂದು ತಗಡನ್ನು ಮೇಲಕ್ಕೆತ್ತಿ ಅಡಿಯಿಂದ ನುಗ್ಗಿತು. ಬ್ಯಾಟರಿ ಕೆಳಗಿರುವುದರಿಂದ ಇಂಥ ವಾಹನಗಳ ಭಾರವೆಲ್ಲ ನೆಲದ ಹತ್ತಿರ. ಇವತ್ತು ಹಾಕುವ ಬ್ಯಾರಿಯರ್ ಮುಂದಿನ ಹತ್ತಿಪ್ಪತ್ತು ವರ್ಷ ಇಂಥವನ್ನೂ ತಡೆಯಬೇಕು ಅಲ್ವಾ?

ಕೇಬಲ್

ಮೂರು ಅಥವಾ ನಾಲ್ಕು ಉಕ್ಕಿನ ಹಗ್ಗ, ನಡುನಡುವೆ ಸಣ್ಣ ಕಂಬ. ಕಾರಿನಲ್ಲಿದ್ದವರಿಗೆ ಮೂರರಲ್ಲೂ ಮೃದುವಾದದ್ದು ಇದೇ. ಹಗ್ಗ ಹಿಗ್ಗಿ ಹಿಡಿಯುತ್ತದೆ, ಕಾರು ಮೆಲ್ಲಗೆ ನಿಲ್ಲುತ್ತದೆ. ಪುಟಿದು ವಾಪಸ್ ಲೇನಿಗೆ ಬರುವುದೂ ಕಡಿಮೆ. ಇದರ ಬೆಲೆ ಜಾಗ. ಹಗ್ಗ ಎರಡೂವರೆಯಿಂದ ಮೂರೂವರೆ ಮೀಟರ್ ಹಿಂದಕ್ಕೆ ಹೋಗಬಹುದು. ಅಷ್ಟು ಜಾಗ ಇಲ್ಲದ ಪ್ರಪಾತದಂಚಿಗೆ ಇದು ಬೇಡ.

ಇನ್ನು ಸ್ವೀಡನ್. ಎದುರು ಬದುರು ಡಿಕ್ಕಿಯಿಂದ ಜನ ಸಾಯುತ್ತಿದ್ದ ಅಗಲವಾದ ಎರಡು ಲೇನಿನ ರಸ್ತೆಗಳನ್ನು ಅಲ್ಲಿ 1998ರಿಂದ "2+1" ಮಾಡಿದರು. ಒಮ್ಮೆ ಈ ದಿಕ್ಕಿಗೆ ಎರಡು ಲೇನ್, ಮತ್ತೊಮ್ಮೆ ಆ ದಿಕ್ಕಿಗೆ. ನಡುವೆ ಕೇಬಲ್. ಸಾವುಗಳು ನಾಲ್ಕರಲ್ಲಿ ಮೂರು ಪಾಲಿನಷ್ಟು ಇಳಿದವು. ನೋಡಿ, ಅಲ್ಲಿ ಕೇಬಲ್ಲಿಗೆ ಎರಡೂವರೆ ಮೀಟರ್ ಜಾಗ ಇರಲಿಲ್ಲ. ಗುದ್ದಿದಾಗ ಹಗ್ಗ ಎದುರಿನ ಲೇನಿಗೇ ಬರುತ್ತದೆ. ಆದರೂ ಗೆದ್ದಿತು. ಯಾಕೆಂದರೆ ಬ್ಯಾರಿಯರ್ ಲೇನಿಗೆ ಅಂಟಿಕೊಂಡೇ ಇದ್ದದ್ದರಿಂದ ಹೆಚ್ಚಿನ ಗುದ್ದು ಸವರಿಕೊಂಡು ಹೋಗುವಂಥವು. ಕಾಗದದ ಮೇಲೆ ತಪ್ಪು ಎನ್ನಿಸಬಹುದಾದ ಆಯ್ಕೆಯನ್ನು ರಸ್ತೆಯ ಲೆಕ್ಕವೇ ಸರಿ ಎಂದು ತೋರಿಸಿತು.

ಕೇಬಲ್ ಸೋಲುವುದು ಹೆಚ್ಚಾಗಿ ತಗ್ಗಿನಲ್ಲಿ. ಎರಡು ರಸ್ತೆಗಳ ನಡುವೆ ಕಾಲುವೆಯಂಥ ಇಳಿಜಾರು ಇದ್ದು, ಕೇಬಲ್ ಅದರ ತಳದ ಹತ್ತಿರ ಇದ್ದರೆ, ಇಳಿಜಾರಿನಲ್ಲಿ ಇಳಿದ ಕಾರಿನ ಮೂತಿ ಕುಕ್ಕುತ್ತದೆ. ಹಗ್ಗದ ಅಡಿಯಲ್ಲೇ ತೂರಿಹೋಗುತ್ತದೆ. ಇಳಿಜಾರು ಶುರುವಾಗುವ ಅಂಚಿನ ಹತ್ತಿರ ಗುದ್ದಿದ್ದರೆ ಅದೇ ಕಾರು ಸಿಕ್ಕಿಬೀಳುತ್ತಿತ್ತು. ಇನ್ನೊಂದು ಮಾತು: ಹಳೆಯ ಸಡಿಲ ಕೇಬಲ್ ಒಂದು ಗುದ್ದಿಗೆ ನೆಲಕ್ಕೆ ಬೀಳುತ್ತದೆ, ರಿಪೇರಿ ಆಗುವ ತನಕ ಇದ್ದೂ ಇಲ್ಲ. ಬಿಗಿದು ಕಟ್ಟಿದ ಹೊಸ ಬಗೆಯದು ನಾಲ್ಕಾರು ಕಂಬ ಹೋದರೂ ಹೆಚ್ಚಾಗಿ ಮೇಲೇ ನಿಂತಿರುತ್ತದೆ.

ಡಬ್ಲ್ಯೂ-ಬೀಮ್ ತಗಡು

ಎಲ್ಲ ಕಡೆ ಕಾಣುವುದು ಇದೇ, ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಹಾಕುವುದೂ ಇದನ್ನೇ. ಕೆಲಸ ಮಾಡುವ ಬಗೆ ಚೆಂದ. ಕಾರು ಗುದ್ದಿದಾಗ ತಗಡು ರಿಬ್ಬನ್ ಹಾಗೆ ಬಿಗಿದು ನಿಲ್ಲುತ್ತದೆ, ಕಂಬಗಳು ಒಂದೊಂದಾಗಿ ಮಣಿಯುತ್ತವೆ. ಕಂಬಕ್ಕೂ ತಗಡಿಗೂ ನಡುವೆ ಒಂದು ತುಂಡು ಮರವೋ ಪ್ಲಾಸ್ಟಿಕ್ಕೋ ಇರುತ್ತದಲ್ಲ, ಅದು ಚಕ್ರ ಹೋಗಿ ಕಂಬಕ್ಕೆ ಸಿಕ್ಕಿಕೊಳ್ಳದ ಹಾಗೆ ತಡೆಯುತ್ತದೆ.

ಒಂದು ಕಂಬದ ಹತ್ತಿರ ಕೂತು ಬೋಲ್ಟನ್ನೇ ನೋಡಿ. ತಗಡಿನ ತೂತು ದುಂಡಗಿಲ್ಲ, ಉದ್ದವಾಗಿದೆ. ಬೋಲ್ಟಿನ ತಲೆ ಚಪ್ಪಟೆ ಗುಮ್ಮಟದಂತಿದೆ. ಕಂಬ ಹಿಂದಕ್ಕೆ ಮಲಗುವಾಗ ಆ ತಲೆ ತೂತಿನಿಂದ ಕಿತ್ತು ಬರಬೇಕು, ತಗಡು ಕಂಬವನ್ನು ಬಿಟ್ಟು ತನ್ನ ಎತ್ತರದಲ್ಲೇ ಉಳಿಯಬೇಕು. ಯಾರೋ ಒಳ್ಳೆಯ ಮನಸ್ಸಿನಿಂದಲೇ "ಗಟ್ಟಿಯಾಗಿರಲಿ" ಎಂದು ತಲೆಯ ಅಡಿಗೆ ಅಗಲವಾದ ವಾಷರ್ ಹಾಕಿದರೆ? ಬೋಲ್ಟು ಕಿತ್ತು ಬರುವುದಿಲ್ಲ. ಕಂಬ ಮಲಗುತ್ತಾ ತಗಡನ್ನೂ ಕೆಳಕ್ಕೆ ಎಳೆಯುತ್ತದೆ. ಕಾರು ಮೇಲೆ ಹತ್ತಿ ಆಚೆ ಹಾರುತ್ತದೆ. ಅಂಗೈ ತುಂಬದ ಒಂದು ವಾಷರ್ ಇಷ್ಟು ಮಾಡುತ್ತದೆ.

ಎತ್ತರವೂ ಹಾಗೇ. ಅಮೆರಿಕದಲ್ಲಿ ಈಗ ಹಾಕುವ ತಗಡಿನ ಮೇಲಂಚು ನೆಲದಿಂದ ಸುಮಾರು 787 ಮಿ.ಮೀ. ಹಳೆಯ ತಗಡುಗಳು 690ರಿಂದ 700ರ ಆಸುಪಾಸು, ಎತ್ತರದ ಪಿಕಪ್ಪುಗಳು ಅವುಗಳ ಮೇಲೆ ಹತ್ತಿ ಪಲ್ಟಿಯಾಗುತ್ತಿದ್ದವು. ಹೊಸದನ್ನು ಸರಿಯಾಗೇ ಹಾಕಿದರು ಅಂತಿಟ್ಟುಕೊಳ್ಳಿ. ಆಮೇಲೆ 50 ಮಿ.ಮೀ. ದಪ್ಪ ಎರಡು ಸಲ ಡಾಂಬರು ಬಿತ್ತು. ತಗಡು ಮುಟ್ಟಿಲ್ಲ, ಕಂಬ ಮುಟ್ಟಿಲ್ಲ, ಆದರೂ ಎತ್ತರ 687ಕ್ಕೆ ಇಳಿಯಿತು. ಸರ್ಟಿಫಿಕೇಟ್ ಮಾತ್ರ ಹಾಗೇ ಇದೆ.

ಒಂದರ ಮೇಲೊಂದು ತಗಡು ಜೋಡಿಸುವಾಗ ಹೆಂಚು ಹೊದಿಸಿದ ಹಾಗೆ, ವಾಹನ ಬರುವ ಕಡೆಯ ತಗಡು ಮೇಲಿರಬೇಕು. ತಿರುವುಮುರುವಾದರೆ ಅಂಚು ಕಾರಿಗೆ ಎದುರಾಗಿ ನಿಲ್ಲುತ್ತದೆ. ತಗಡಿನ ಮುಂದೆ ಎತ್ತರದ ಕರ್ಬ್ ಕಲ್ಲು ಇದ್ದರೆ ಚಕ್ರ ಅದಕ್ಕೆ ತಾಗಿ ಕಾರು ಜಿಗಿಯುತ್ತದೆ. ಕಂಬದ ಸುತ್ತ ಕಾಂಕ್ರೀಟ್ ಸುರಿದರೆ ಅದು ಮಣ್ಣಿನಲ್ಲಿ ಮಣಿಯಲಾರದು. ಇನ್ನು ಸೇತುವೆಯ ಗೋಡೆಗೆ ತಗಡು ಸೇರುವ ಜಾಗ. ಅಲ್ಲಿ ಕಂಬಗಳು ಹತ್ತಿರ ಹತ್ತಿರ ಬರಬೇಕು, ತಗಡು ದಪ್ಪವಾಗಬೇಕು. ಇಲ್ಲದಿದ್ದರೆ ತಗಡು ಜೋಳಿಗೆಯಂತೆ ಒಳಕ್ಕೆ ಬಗ್ಗಿ, ಕಾರನ್ನು ನೇರ ಗೋಡೆಯ ಮೂತಿಗೆ ಒಯ್ದು ಬಿಡುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಡುವುದು ತುಂಡು ಬ್ಯಾರಿಯರ್. ಸೇತುವೆಗೆ ಮುಂಚೆ ಹತ್ತು ಮೀಟರ್ ತಗಡು ಹಾಕಿ ಕೈತೊಳೆದುಕೊಳ್ಳುತ್ತಾರೆ. ವೇಗವಾಗಿ ಬರುವ ವಾಹನ ಅದಕ್ಕಿಂತ ಎಷ್ಟೋ ಹಿಂದೆಯೇ ರಸ್ತೆ ಬಿಟ್ಟಿರುತ್ತದೆ. ಬ್ಯಾರಿಯರ್‌ನ ಹಿಂಬದಿಯಿಂದ ಹೋಗಿ ಸೀದಾ ನೀರಿಗೆ ಬೀಳುತ್ತದೆ. ಅಲ್ಲಿ ತಗಡಿನ ಮೇಲೆ ಒಂದು ಗೀರೂ ಇರುವುದಿಲ್ಲ.

ಕಾಂಕ್ರೀಟ್

ಭಾರಿ ವಾಹನಗಳನ್ನು ತಡೆಯಲು, ಹಿಂದೆ ಜಾಗವೇ ಇಲ್ಲದ ಕಡೆಗೆ ಇದೇ. ನೆಲಕ್ಕೆ ಭದ್ರವಾಗಿ ಕೂರಿಸಿದ ಗೋಡೆ ಅಲುಗುವುದಿಲ್ಲ, ಗುದ್ದಿದ ಮರುಕ್ಷಣವೂ ಇನ್ನೊಂದು ಗುದ್ದಿಗೆ ತಯಾರು. ಸವರಿಕೊಂಡು ಹೋಗುವ ಸಣ್ಣ ಕೋನದ ಗುದ್ದಿಗೆ ಕಾರಿನವರಿಗೂ ದೊಡ್ಡ ಪೆಟ್ಟಾಗುವುದಿಲ್ಲ. ಕೋನ ಜಾಸ್ತಿಯಾದರೆ ಗೋಡೆ ಬಗ್ಗದ ಕಾರಣ ಹೊಡೆತವೆಲ್ಲ ಒಳಗಿದ್ದವರ ಮೈಗೆ. ಹಾಗಾಗಿ ಕಾಂಕ್ರೀಟ್ ಗೋಡೆ ಲೇನಿಗೆ ಹತ್ತಿರ ಇರಬೇಕು. ದೂರ ಹಾಕಿದಷ್ಟೂ ವಾಹನಕ್ಕೆ ತಿರುಗಿಕೊಂಡು ಬರಲು ಜಾಗ ಸಿಗುತ್ತದೆ, ಕೋನ ಏರುತ್ತದೆ.

ಆಕಾರದಲ್ಲೂ ವ್ಯತ್ಯಾಸವಿದೆ. ಹಳೆಯ ನ್ಯೂಜರ್ಸಿ ಮಾದರಿಯಲ್ಲಿ ಬುಡದ ಓರೆ ನೆಲದಿಂದ ಸುಮಾರು 330 ಮಿ.ಮೀ. ತನಕ ಹೋಗುತ್ತದೆ. ಸಣ್ಣ ಕಾರಿನ ಚಕ್ರ ಅದರ ಮೇಲೆ ಹತ್ತಿ ಕಾರು ಮಗುಚುವುದುಂಟು. ಎಫ್ ಮಾದರಿಯಲ್ಲಿ ಆ ಓರೆ 255 ಮಿ.ಮೀ.ಗೇ ಮುಗಿಯುವುದರಿಂದ ಹತ್ತುವುದು ಕಡಿಮೆ. ಬುಡದಿಂದ ತಲೆಯ ತನಕ ಒಂದೇ ಓರೆಯಿರುವ ಮಾದರಿ ನನ್ನ ಮೆಚ್ಚಿನದು. ಮತ್ತೆ ಡಾಂಬರು ಬಿದ್ದು ಬುಡ ಹೂತುಹೋದರೂ ಅದರ ಆಕಾರ ಕೆಡುವುದಿಲ್ಲ.

ಒಂದಕ್ಕೊಂದು ಕೊಂಡಿ ಹಾಕದೆ ಸುಮ್ನೆ ಸಾಲಾಗಿ ಇಟ್ಟ ಕಾಂಕ್ರೀಟ್ ಬ್ಲಾಕುಗಳನ್ನು ಈ ಗುಂಪಿಗೆ ಸೇರಿಸಬೇಡಿ. ಗುದ್ದಿದಾಗ ಪ್ರತಿ ಬ್ಲಾಕೂ ಒಂಟಿ.

ತುದಿಯಲ್ಲಿ ಏನಿದೆ?

ಯಾವ ಬಗೆ ಆರಿಸಿದರೂ ಅದಕ್ಕೊಂದು ತುದಿ ಇರುತ್ತದೆ. ತಗಡಿನ ತುದಿಯನ್ನು ಹಾಗೇ ಮೊಂಡಾಗಿ ಬಿಟ್ಟರೆ ಅದು ಕಾರನ್ನು ಈಟಿಯಂತೆ ತಿವಿಯುತ್ತದೆ. ಬಗ್ಗಿಸಿ ನೆಲದಲ್ಲಿ ಹೂತರೆ ಕಾರು ಅದರ ಮೇಲೆ ಓಡಿ ಮಗುಚುತ್ತದೆ. ಪಕ್ಕದಲ್ಲಿ ಮಣ್ಣಿನ ದಿಬ್ಬವಿದ್ದರೆ ತುದಿಯನ್ನು ಅದರೊಳಗೆ ಹೂಳುವುದು ಒಳ್ಳೆಯ ಉಪಾಯ. ಇಲ್ಲದಿದ್ದರೆ ಹೊಡೆತ ಹೀರುವ, ಪರೀಕ್ಷೆ ಮಾಡಿದ ತುದಿಯೇ ಬೇಕು. ದುಡ್ಡು ಉಳಿಸಲು ಹೋಗಬಾರದ ಜಾಗ ಇದು.

ಅಮೆರಿಕದ ಇಟಿ-ಪ್ಲಸ್ ಎಂಬ ತುದಿಯ ಪ್ರಕರಣ ಇಲ್ಲಿ ಹೇಳಲೇಬೇಕು. 2005ರಲ್ಲಿ ಅದರ ತಲೆಯ ಒಂದು ಭಾಗದ ಅಗಲ 5 ಇಂಚಿನಿಂದ 4 ಇಂಚಿಗೆ ಇಳಿಯಿತು, ಆಗ ಸರ್ಕಾರಕ್ಕೆ ತಿಳಿಸಿರಲಿಲ್ಲ. ಮುಂದೆ ಕೇಸು ನಡೆದು 2014ರಲ್ಲಿ ಜ್ಯೂರಿ ಅದನ್ನು ತಯಾರಿಸಿದ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ನಡುವೆ ಮತ್ತೆ ಪರೀಕ್ಷೆ ನಡೆಸಿದ ಸರ್ಕಾರ, ಪಾಸಾಗಿದೆ ಎಂದಿತು. ನನ್ನನ್ನು ಕಾಡುವುದು ನ್ಯಾಯಾಲಯದ ಮಾತಲ್ಲ. ಈ ತುದಿಗೆ ರಸ್ತೆಯಲ್ಲಿ ಎಷ್ಟು ಸಲ ಗುದ್ದಿದ್ದಾರೆ, ಎಷ್ಟು ಸಲ ಕೈಕೊಟ್ಟಿದೆ ಎಂದು ಮೊದಲಿನಿಂದಲೇ ಲೆಕ್ಕ ಇಟ್ಟಿದ್ದರೆ ವಾದ ಅಷ್ಟು ವರ್ಷ ಎಳೆಯುತ್ತಿತ್ತಾ?

ಬೈಕಿನವರಿಗೆ

ಮೇಲಿನ ಹೋಲಿಕೆ ಕಾರಿನಲ್ಲಿ ಕೂತವರದ್ದು. ಬೈಕಿನವರ ಲೆಕ್ಕ ಪೂರ್ತಿ ಬೇರೆ. 2005ರಲ್ಲಿ ಅಮೆರಿಕದಲ್ಲಿ ಗಾರ್ಡ್‌ರೇಲಿಗೆ ಗುದ್ದಿ ಸತ್ತ ಬೈಕ್ ಸವಾರರು 224, ಕಾರಿನವರು 171. ಬೈಕುಗಳು ಅಲ್ಲಿನ ಒಟ್ಟು ವಾಹನಗಳಲ್ಲಿ ಬರೀ 2%. ಬೈಕಿನಿಂದ ಬಿದ್ದು ಜಾರಿ ಬರುವ ಮೈಗೆ ತಗಡಿಗಿಂತ ಕಂಬದ ಭಯ. "ಕೇಬಲ್ ಕತ್ತರಿಸಿಬಿಡುತ್ತದೆ" ಎಂಬ ಮಾತು ಎಲ್ಲ ಕಡೆ ಇದೆ. ಆದರೆ ಅಮೆರಿಕದ ಮೂರು ರಾಜ್ಯಗಳ ಅಪಘಾತಗಳನ್ನು ನೋಡಿದ 2011ರ ಅಧ್ಯಯನದಲ್ಲಿ ಗಂಭೀರ ಗಾಯದ ಮಟ್ಟಿಗೆ ಕೇಬಲ್ಲಿಗೂ ತಗಡಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕಾಂಕ್ರೀಟಿಗಿಂತ ತಗಡಿನಲ್ಲಿ ಮಾತ್ರ ಅಪಾಯ ಜಾಸ್ತಿ ಇತ್ತು. ಬೈಕು ಹೆಚ್ಚು ಓಡಾಡುವ ರಸ್ತೆಯ ತಿರುವಿನಲ್ಲಿ ತಗಡು ಹಾಕುವುದಾದರೆ, ಕೆಳಗೆ ಕಂಬ ಮುಚ್ಚುವ ಇನ್ನೊಂದು ಪಟ್ಟಿ ಸೇರಿಸಿ. ಯುರೋಪಿನಲ್ಲಿ ಇದಕ್ಕೇ ಬೇರೆ ಪರೀಕ್ಷಾ ನಿಯಮವಿದೆ.

ಲೆಕ್ಕ ಹಾಕುವಾಗ ಮೋಸ ಹೋಗುವುದು ಎಲ್ಲಿ?

ಬ್ಯಾರಿಯರ್ ಚೆನ್ನಾಗಿ ಕೆಲಸ ಮಾಡಿದರೆ ಚಾಲಕ ಕಾರು ರಿವರ್ಸ್ ತೆಗೆದು ಮನೆಗೆ ಹೋಗುತ್ತಾನೆ. ಪೊಲೀಸ್ ದಾಖಲೆಗೆ ಬರುವುದೇ ಇಲ್ಲ. ಸೋತ ಗುದ್ದು ಮಾತ್ರ ಪುಸ್ತಕ ಸೇರುತ್ತದೆ. ಉದಾಹರಣೆಗೆ ಪೊಲೀಸರ ಬಳಿ 100 ಗುದ್ದು ದಾಖಲಾಗಿ, ಅದರಲ್ಲಿ 20ರಲ್ಲಿ ಗಂಭೀರ ಗಾಯ ಅಂತಿಟ್ಟುಕೊಳ್ಳಿ. ಐದಕ್ಕೊಂದು, ಭಯಂಕರ! ಈಗ ರಿಪೇರಿ ತಂಡದ ಪುಸ್ತಕ ತೆರೆದರೆ ಅದೇ ರಸ್ತೆಯಲ್ಲಿ 400 ಗುದ್ದು ಇದೆ. ಇಪ್ಪತ್ತಕ್ಕೊಂದಾಯಿತು.

ಇದರಲ್ಲೂ ಇನ್ನೊಂದು ಮೋಸ ಇದೆ. ತಗಡು, ಕೇಬಲ್ ಬಗ್ಗಿದರೆ ರಿಪೇರಿ ಪುಸ್ತಕದಲ್ಲಿ ಬರುತ್ತದೆ. ಕಾಂಕ್ರೀಟ್ ಬಗ್ಗುವುದೇ ಇಲ್ಲ, ಹಾಗಾಗಿ ಅದಕ್ಕೆ ಸವರಿ ಹೋದವರ ಲೆಕ್ಕ ಎಲ್ಲೂ ಇಲ್ಲ. ರಿಪೇರಿ ಪುಸ್ತಕ ನಂಬಿ ಹೋಲಿಸಿದರೆ ಕಾಂಕ್ರೀಟಿಗೆ ಅನ್ಯಾಯ. ಗೋಡೆಯ ಮೇಲಿನ ಹೊಸ ಕಪ್ಪು ಟೈರ್ ಗೀರುಗಳನ್ನು ತಿಂಗಳಿಗೊಮ್ಮೆ ನಡೆದು ಎಣಿಸಿ, ಫೋಟೊ ತೆಗೆದಿಟ್ಟರೆ ಮಾತ್ರ ಲೆಕ್ಕ ಸಮ.

ಕೆಟ್ಟ ವರ್ಷವಾದ ಮೇಲೆ ಬ್ಯಾರಿಯರ್ ಹಾಕುತ್ತಾರೆ. ಮರುವರ್ಷ ಅಪಘಾತ ತಾನಾಗೇ ಸ್ವಲ್ಪ ಇಳಿಯುವುದೂ ಉಂಟು. ಒಂದು ವರ್ಷದ ಅಂಕಿ ನೋಡಿ ತೀರ್ಮಾನಕ್ಕೆ ಬರಬೇಡಿ, ಮೂರರಿಂದ ಐದು ವರ್ಷ ನೋಡಿ. ಸಪಾಟು ನೇರ ರಸ್ತೆಯ ಕೇಬಲ್ಲನ್ನು ಘಟ್ಟದ ತಿರುವಿನ ತಗಡಿನ ಜೊತೆ ಹೋಲಿಸಬೇಡಿ.

ಪ್ರತಿ ಗುದ್ದಿಗೂ ಇಷ್ಟು ಬರೆದಿಟ್ಟರೆ ಸಾಕು. ಯಾವ ವಾಹನ, ಗುದ್ದಿದ್ದು ನಡುವಿಗಾ, ತುದಿಗಾ, ಸೇತುವೆ ಸೇರುವ ಕಡೆಗಾ? ವಾಹನ ಮೇಲಿಂದ ಹೋಯಿತಾ, ಅಡಿಯಿಂದಲಾ, ಸೀಳಿಕೊಂಡಾ, ಇಲ್ಲಾ ಅಲ್ಲೇ ನಿಂತಿತಾ? ವಾಪಸ್ ಬಂದು ಇನ್ನೊಂದಕ್ಕೆ ಹೊಡೆಯಿತಾ? ತಗಡು ವಾಹನದೊಳಗೆ ನುಗ್ಗಿತಾ? ಯಾರಿಗೆ ಏನಾಯಿತು? ಪಕ್ಕದಲ್ಲಿ ಪೆಟ್ಟಾಗದ ತಗಡಿನ ಎತ್ತರ ಎಷ್ಟು? ಇದೆಲ್ಲ ರಿಪೇರಿಯವರು ಬರುವ ಮುಂಚೆಯೇ ಆಗಬೇಕು. ಅವರು ಬಂದು ಹೋದ ಮೇಲೆ ಸಾಕ್ಷಿ ಗುಜರಿಗೆ ಸೇರಿರುತ್ತದೆ.

ಹಾಗಾದರೆ ಯಾವುದು?

ನಡುವೆ ಅಗಲವಾದ, ಹೆಚ್ಚು ಇಳಿಜಾರಿಲ್ಲದ ಜಾಗ ಇದ್ದು, ಹೆಚ್ಚಾಗಿ ಕಾರುಗಳು ಓಡಾಡುವುದಾದರೆ ನಾನು ಬಿಗಿ ಕೇಬಲ್ ಹಾಕುತ್ತೇನೆ. ರಿಪೇರಿ ತಂಡ ಬೇಗ ಬರುವ ವ್ಯವಸ್ಥೆ ಇದ್ದರೆ ಮಾತ್ರ. ಹಿಂದೆ ಒಂದೂವರೆ ಮೀಟರ್ ಜಾಗ, ಕಂಬದ ಹಿಂದೆ ಗಟ್ಟಿ ಮಣ್ಣು ಇರುವ ಒಡ್ಡಿನಂಚಿಗೆ ಡಬ್ಲ್ಯೂ-ಬೀಮ್, ಒಳ್ಳೆಯ ತುದಿಯ ಜೊತೆಗೆ, ಬೇಕಾದಷ್ಟು ಉದ್ದಕ್ಕೆ. ಸೇತುವೆ, ಕಿರಿದಾದ ಡಿವೈಡರ್, ಲಾರಿ ಬಸ್ಸು ತುಂಬಿದ ರಸ್ತೆ, ಲೇನ್ ನಿಲ್ಲಿಸಿ ರಿಪೇರಿ ಮಾಡಲಾಗದ ಕಡೆಗೆ ಕಾಂಕ್ರೀಟ್. ಅಲ್ಲೂ ಎತ್ತರ ನೋಡಿ. ಮ್ಯಾಶ್ ಟಿಎಲ್-4 ಲಾರಿಗೆ ಹಳೆಯ 810 ಮಿ.ಮೀ. ಗೋಡೆ ಸಾಲಲಿಲ್ಲ, ಸುಮಾರು 915 ಬೇಕಾಯಿತು.

ಹಾಕಿದ ದಿನವೇ ಇಪ್ಪತ್ತು ಮೀಟರಿಗೊಮ್ಮೆ ಎತ್ತರ ಅಳೆದು ಬರೆದಿಡಿ. ಮುಂದೆ ಡಾಂಬರು ಹಾಕಲು ಬಂದವರ ಕೈಗೆ ಆ ಹಾಳೆ ಕೊಡಿ. ಅವರು ಕೆಲಸ ಮುಗಿಸಿ ಹೋಗುವ ಮುಂಚೆ ಅದೇ ಜಾಗಗಳಲ್ಲಿ ಟೇಪು ಹಿಡಿದು ಮತ್ತೊಮ್ಮೆ ಅಳೆಯಿರಿ.